ಕರುವಿನ ಮೈಬಣ್ಣ ಎಲ್ಲಿಂದ ಬರುತ್ತದೆ?



ಹಸು ಈದೊಡನೆ ಮನೆಮಂದಿ ಮೊದಲು ನೋಡುವುದು ಕರು ಹೆಣ್ಣೋ ಗಂಡೋ ಎಂದು. ಅದರ ಹಿಂದೆಯೇ ಬಣ್ಣದ ಮಾತು ಬರುತ್ತದೆ. "ಎಚ್.ಎಫ್. ವೀರ್ಯ ಕೊಡಿಸಿದ್ದೆವು, ಕರು ನೋಡಿದರೆ ಬರೀ ಕಪ್ಪು, ಮೈಮೇಲೆ ಬಿಳಿ ಮಚ್ಚೆಯೇ ಇಲ್ಲ. ಬೇರೆ ಯಾವುದೋ ಹೋರಿಯ ವೀರ್ಯ ಹಾಕಿದ್ದಾರೆ" ಎಂಬ ಜಗಳ ಡೇರಿಯ ಮುಂದೆ ಹುಟ್ಟುವುದು ಇಲ್ಲಿಂದಲೇ. ಕೃತಕ ಗರ್ಭಧಾರಣೆ ಕಾರ್ಯಕರ್ತರನ್ನು ದೂರುವ ಮೊದಲು ಬಣ್ಣದ ಲೆಕ್ಕವನ್ನು ತಾವು ಅರಿತಿರುವುದು ಒಳ್ಳೆಯದು.

ಹಸುವಿನ ದೇಹದ ಜೀವಕೋಶಗಳಲ್ಲಿ 30 ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಾಯಿಯದು, ಒಂದು ತಂದೆಯದು. ಬಣ್ಣವನ್ನು ನಿರ್ಧರಿಸುವ ವಂಶವಾಹಿಗಳು ಇವುಗಳ ಮೇಲೆಯೇ ಇರುವುದರಿಂದ, ಕರುವಿನ ಬಣ್ಣದಲ್ಲಿ ಹೋರಿಗೆ ಎಷ್ಟು ಪಾಲಿದೆಯೋ ನಿಮ್ಮ ಕೊಟ್ಟಿಗೆಯ ಹಸುವಿಗೂ ಅಷ್ಟೇ ಪಾಲಿದೆ. ಇದನ್ನು ಮರೆತು ಎಲ್ಲವನ್ನೂ ಹೋರಿಯ ತಲೆಗೆ ಕಟ್ಟುವುದರಿಂದಲೇ ಗೊಂದಲ.

ಎರಡು ಪಾಲೂ ಸಮಬಲದವಲ್ಲ. ಕೆಲವು ಗುಣ ಪ್ರಬಲ, ಕೆಲವು ಸುಪ್ತ. ಈ ನಿಯಮವನ್ನು ಮೆಂಡೆಲ್ ಎಂಬ ಪಾದ್ರಿ ಬಟಾಣಿ ಗಿಡಗಳಲ್ಲಿ ಕಂಡುಕೊಂಡು 1866ರಲ್ಲಿ ಪ್ರಕಟಿಸಿದನು. ಎಚ್.ಎಫ್. ತಳಿಯಲ್ಲಿ ಕಪ್ಪು ಪ್ರಬಲ, ಕೆಂಪು ಸುಪ್ತ. ಕಪ್ಪಿನ ಒಂದೇ ಪಾಲು ಸಿಕ್ಕರೂ ಕರು ಕಪ್ಪಾಗುತ್ತದೆ. ಕೆಂಪಾಗಲು ಮಾತ್ರ ಎರಡೂ ಕಡೆಯಿಂದ ಕೆಂಪಿನ ಪಾಲು ಬರಬೇಕು. ಹಾಗಾಗಿ ಹೋರಿಯೂ ಹಸುವೂ ನೋಡಲು ಕಪ್ಪಾಗಿದ್ದು, ಎರಡರ ಒಳಗೂ ಕೆಂಪಿನ ಪಾಲು ಅಡಗಿದ್ದರೆ, ಹುಟ್ಟುವ ಪ್ರತಿ ಕರುವೂ ಕೆಂಪಾಗುವ ಸಂಭವ ನಾಲ್ಕರಲ್ಲಿ ಒಂದು. ನಾಲ್ಕನೆಯ ಕರು ಕೆಂಪಾಗಿಯೇ ಹುಟ್ಟುತ್ತದೆಂದು ಇದರ ಅರ್ಥವಲ್ಲ. ನಾಲ್ಕೂ ಕಪ್ಪಾಗಬಹುದು, ಮೊದಲನೆಯದೇ ಕೆಂಪಾಗಬಹುದು. ಅದೇ, ಶುದ್ಧ ಎಚ್.ಎಫ್. ತಳಿಯ ಕೆಂಪು-ಬಿಳಿ ಹೋರಿಗೂ ಕೆಂಪು-ಬಿಳಿ ಹಸುವಿಗೂ ಕಪ್ಪು ಕರು ಹುಟ್ಟಿದರೆ ಆಗ ಸಂಶಯಪಡಲು ಕಾರಣವಿದೆ.

ಇನ್ನು ಮಚ್ಚೆಯ ವಿಚಾರ. ಮೈಯೆಲ್ಲ ಒಂದೇ ಬಣ್ಣವಿರುವುದು ಪ್ರಬಲ ಗುಣ, ದೊಡ್ಡ ಬಿಳಿ ಮಚ್ಚೆ ಸುಪ್ತ ಗುಣ. ಆದ್ದರಿಂದ ಮಚ್ಚೆಯಿಲ್ಲದ ನಾಟಿ ಹಸುವಿಗೆ ಎಚ್.ಎಫ್. ವೀರ್ಯ ಕೊಡಿಸಿದರೆ ಮೊದಲ ತಲೆಮಾರಿನ ಕರು ಸಾಮಾನ್ಯವಾಗಿ ಕಪ್ಪಗೇ ಇರುತ್ತದೆ. ಹಣೆಯ ಮೇಲೊಂದು ಚುಕ್ಕೆ, ಹೊಟ್ಟೆಯಡಿ ಮತ್ತು ಕೆಚ್ಚಲ ಬಳಿ ಸ್ವಲ್ಪ ಬಿಳುಪು ಇದ್ದರೆ ಇದ್ದೀತು. ನೀವು ಮೋಸವೆಂದು ತಿಳಿದದ್ದು ವಾಸ್ತವವಾಗಿ ಕ್ರಮದಂತೆ ಹುಟ್ಟಿದ ಮಿಶ್ರತಳಿ ಕರು! ಆ ಕಡಸು ಬೆಳೆದು ಅದಕ್ಕೂ ಎಚ್.ಎಫ್. ವೀರ್ಯ ಕೊಡಿಸಿದಾಗ, ಹುಟ್ಟುವ ಕರುಗಳಲ್ಲಿ ಸುಮಾರು ಅರ್ಧಕ್ಕೆ ಮಚ್ಚೆ ಎದ್ದು ಕಾಣುವ ಸಂಭವವಿದೆ.

ಬಿಳುಪು ಹಣೆ, ಹೊಟ್ಟೆ, ಕಾಲು, ಬಾಲದ ತುದಿಯಲ್ಲೇ ಏಕೆ? ಕರು ಗರ್ಭದಲ್ಲಿರುವಾಗ ಬಣ್ಣ ತಯಾರಿಸುವ ಕೋಶಗಳು ಬೆನ್ನಿನ ಸಾಲಿನಲ್ಲಿ ಹುಟ್ಟಿ ಅಲ್ಲಿಂದ ಕೆಳಕ್ಕೂ ಮುಂದಕ್ಕೂ ಹರಡುತ್ತವೆ. ಅವು ತಲುಪದೆ ಉಳಿದ ಜಾಗ ಬಿಳಿಯಾಗುತ್ತದೆ. ದೂರದ ತುದಿಗಳಿಗೆ ನೀರು ಹಾಯದ ಗದ್ದೆಯಂತೆ ಎನ್ನಬಹುದು. ಎಷ್ಟು ಬಿಳುಪು ಎಂಬುದನ್ನು ವಂಶ ಬಹುಮಟ್ಟಿಗೆ ಹೇಳುತ್ತದೆ, ಮಚ್ಚೆಯ ಅಂಚು ಯಾವ ಆಕಾರದಲ್ಲಿ ನಿಲ್ಲುತ್ತದೆ ಎಂಬುದನ್ನು ಹೇಳುವುದಿಲ್ಲ. ಒಂದೇ ಹಸುವಿನಿಂದ ತದ್ರೂಪು ಸೃಷ್ಟಿಸಿದ ಎಚ್.ಎಫ್. ಕರುಗಳಲ್ಲಿಯೂ ಮಚ್ಚೆಗಳು ಬೇರೆ ಬೇರೆ ಆಗಿದ್ದವು. ವಿದೇಶಗಳಲ್ಲಿ ಎಚ್.ಎಫ್. ರಾಸುಗಳ ನೋಂದಣಿ ಪತ್ರದಲ್ಲಿ ಮಚ್ಚೆಗಳ ನಕ್ಷೆ ಬರೆದಿಡುತ್ತಿದ್ದುದು ಇದೇ ಕಾರಣಕ್ಕೆ. ನಮ್ಮಲ್ಲಿ ಆ ಕೆಲಸವನ್ನು ಈಗ 12 ಅಂಕಿಗಳ ಕಿವಿಯೋಲೆ ಮಾಡುತ್ತಿದೆ.

ಎಲ್ಲ ತಳಿಗಳಲ್ಲೂ ಲೆಕ್ಕ ಇಷ್ಟು ಸರಳವಲ್ಲ. ಬೀದರ್ ಕಡೆಯ ದೇವಣಿ ತಳಿಯಲ್ಲಿ ಮೂರು ಬಗೆಯ ಬಣ್ಣಗಳಿವೆ. ಗುಜರಾತಿನ ಕಾಂಕ್ರೇಜ್ ಕರುವಿನ ನೆತ್ತಿ ಹುಟ್ಟುವಾಗ ತುಕ್ಕುಗೆಂಪಾಗಿದ್ದು 6ರಿಂದ 9 ತಿಂಗಳಲ್ಲಿ ಮಾಯವಾಗುತ್ತದೆ. ಆದ್ದರಿಂದ ಎಳೆಗರುವಿನ ಬಣ್ಣ ನೋಡಿ ಅವಸರದ ತೀರ್ಮಾನ ಬೇಡ.

ಸಂಶಯ ಉಳಿದರೆ ಬಣ್ಣಕ್ಕಿಂತ ದಿನಾಂಕವನ್ನು ನಂಬಿರಿ. ಗರ್ಭಧಾರಣೆಯ ದಿನದಿಂದ ಸುಮಾರು 280 ದಿನಗಳಿಗೆ ಹಸು ಈಯಬೇಕು. ಮೂರು ವಾರ ತಡವಾಗಿದ್ದರೆ, ಗಬ್ಬ ನಿಲ್ಲದೆ 21 ದಿನಕ್ಕೆ ಮತ್ತೆ ಬೆದೆಗೆ ಬಂದು, ಮೇಯಲು ಬಿಟ್ಟಾಗ ಊರ ಹೋರಿ ಹಾರಿರಬಹುದು. ಸ್ಟ್ರಾ ಮೇಲೆ ಹೋರಿಯ ಸಂಖ್ಯೆ ಅಚ್ಚಾಗಿರುತ್ತದೆ. ಅದನ್ನು ದಿನಾಂಕದೊಡನೆ ಅಂದೇ ಬರೆದಿಟ್ಟುಕೊಳ್ಳಿರಿ. ಒಂಬತ್ತು ತಿಂಗಳ ನಂತರ ನೆನಪಿನ ಮೇಲೆ ವಾದಿಸಿ ಪ್ರಯೋಜನವಿಲ್ಲ.

ಜಾತ್ರೆಯಲ್ಲಿ ಸುಳಿ ನೋಡುವವರಂತೆ ಮಚ್ಚೆ ನೋಡಿ ಹೆಚ್ಚು ಹಣ ಕೊಡುವವರೂ ಇದ್ದಾರೆ. ಕಪ್ಪು-ಕೆಂಪನ್ನು ನಿರ್ಧರಿಸುವ ವಂಶವಾಹಿ ಇರುವುದು 18ನೆಯ ವರ್ಣತಂತುವಿನ ಮೇಲೆ. ಹಾಲಿನ ಜಿಡ್ಡಿನ ಮೇಲೆ ದೊಡ್ಡ ಪ್ರಭಾವ ಬೀರುವ ಒಂದು ವಂಶವಾಹಿ ಇರುವುದು 14ನೆಯದರ ಮೇಲೆ. ಒಂದನ್ನು ನೋಡಿ ಇನ್ನೊಂದನ್ನು ಹೇಳಲಾಗದು. ಹಸು ಕೊಳ್ಳುವಾಗ ಎರಡು ಹೊತ್ತು ಎದುರಿಗೇ ಕರೆಸಿ ಅಳೆಯಿರಿ, ಜಿಡ್ಡು ಪರೀಕ್ಷೆ ಮಾಡಿಸಿರಿ.

ಆದರೆ ಎರಡು ಸಂದರ್ಭಗಳಲ್ಲಿ ಬಣ್ಣವನ್ನು ಗಮನಿಸಲೇಬೇಕು. ಕಪ್ಪು ಹಸುವಿನ ಕೂದಲು ಮಾಸಿ ಕೆಂಪಡರಿದರೆ, ಕಣ್ಣಿನ ಸುತ್ತ ಕನ್ನಡಕ ಹಾಕಿದಂತೆ ಬಣ್ಣ ಕಳೆದರೆ, ತಾಮ್ರದ ಕೊರತೆ ಇರಬಹುದು. ಬರೀ ಬಿಸಿಲಿಗೂ ಕೂದಲು ಕೆಂಪಾಗುವುದುಂಟು. ಪಶುವೈದ್ಯರಿಗೆ ತೋರಿಸಿ, ಅವರು ಹೇಳಿದ ಪ್ರಮಾಣದಲ್ಲಿ ಖನಿಜ ಮಿಶ್ರಣ ಕೊಡಿರಿ.

ಎರಡನೆಯದು ಹೆಚ್ಚು ಅಪಾಯದ್ದು. ಮೇವಿಲ್ಲದ ದಿನಗಳಲ್ಲಿ ರಾಸುಗಳು ಲಂಟಾನ ಪೊದೆಗೆ ಬಾಯಿ ಹಾಕಿದರೆ ವಿಷವು ಯಕೃತ್ತನ್ನು ಕೆಡಿಸುತ್ತದೆ. ಆಗ ಬಿಸಿಲು ತಾಗಿದ ಬಿಳಿ ಮಚ್ಚೆಗಳ ಚರ್ಮ ಮಾತ್ರ ಕೆಂಪಾಗಿ, ಊದಿ, ಸುಲಿಯುತ್ತದೆ. ಪಕ್ಕದ ಕಪ್ಪು ಭಾಗ ಚೆನ್ನಾಗಿಯೇ ಇರುತ್ತದೆ. ಇದನ್ನು ಚರ್ಮರೋಗವೆಂದು ತಿಳಿದು ಮುಲಾಮು ಹಚ್ಚುತ್ತ ಕೂರಬೇಡಿರಿ. ಕಣ್ಣು ಹಳದಿಯಾಗಿದೆಯೇ, ಮೇವು ಬಿಟ್ಟಿದೆಯೇ ನೋಡಿ, ರಾಸನ್ನು ಕೂಡಲೇ ನೆರಳಿಗೆ ಕಟ್ಟಿ, ಅಂದೇ ಪಶುವೈದ್ಯರನ್ನು ಕರೆಸಿರಿ.