ಪುಣೆಯ ಜಲ್ಲಿ ಕ್ವಾರಿಯ ಕಲ್ಲಿಗೆ ಅಮೆರಿಕದಲ್ಲಿ ಡಾಲರ್ ಬೆಲೆ: ಏನಿದು ಹರಳುಗಳ ವ್ಯಾಪಾರ?

ಅಜಂತಾ ಗುಹೆ ನೋಡಲು ಹೋದವರಿಗೆ ಈ ಅನುಭವ ಆಗಿಯೇ ಇರುತ್ತದೆ. ಬಸ್ಸಿನಿಂದ ಇಳಿದ ತಕ್ಷಣ ನಾಲ್ಕೈದು ಜನ ಸುತ್ತುವರಿಯುತ್ತಾರೆ. ಹೊರಗೆ ಕಪ್ಪಗೆ ಒರಟಾಗಿ ಕಾಣುವ ಕಲ್ಲಿನ ಉಂಡೆಯನ್ನು ಎರಡು ಹೋಳು ಮಾಡಿ ತೋರಿಸುತ್ತಾರೆ. ಒಳಗೆ ಮಿರಮಿರ ಮಿನುಗುವ ಹರಳುಗಳು. ಎರಡು ಸಾವಿರ ಹೇಳಿದ ಕಲ್ಲು ಬಸ್ ಹೊರಡುವ ಹೊತ್ತಿಗೆ ಇನ್ನೂರಕ್ಕೆ ಇಳಿದಿರುತ್ತದೆ. ಕೊಂಡವರು ಮನೆಗೆ ತಂದು ಟಿವಿ ಪಕ್ಕದಲ್ಲಿಟ್ಟು ಮರೆಯುತ್ತಾರೆ.

ಆದರೆ ಇದೇ ಮಹಾರಾಷ್ಟ್ರದ ಕಪ್ಪು ಕಲ್ಲಿನೊಳಗಿಂದ ಬಂದ ಇನ್ನೊಂದು ತುಂಡು ಅಮೆರಿಕದ ಅರಿಜೋನಾದಲ್ಲಿ ಗಾಜಿನ ಪೆಟ್ಟಿಗೆಯೊಳಗೆ, ದೀಪದ ಕೆಳಗೆ ಕೂತು ಸಾವಿರಾರು ಡಾಲರಿಗೆ ಮಾರಾಟವಾಗಬಹುದು. ಎರಡೂ ಕಲ್ಲೇ, ಎರಡೂ ಒಂದೇ ನೆಲದ್ದು. ಹಾಗಾದರೆ ಇಷ್ಟೊಂದು ವ್ಯತ್ಯಾಸ ಎಲ್ಲಿಂದ ಬಂತು?

ಲಾವಾದ ಗುಳ್ಳೆಯೊಳಗೆ ಅರಳಿದ ಹೂವು

ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪಶ್ಚಿಮ ಭಾರತದಲ್ಲಿ ಭೂಮಿ ಬಿರುಕು ಬಿಟ್ಟು ಲಾವಾ ಉಕ್ಕಿತು. ಒಂದರ ಮೇಲೊಂದು ಪದರವಾಗಿ ಹರಿದು ಹೆಪ್ಪುಗಟ್ಟಿದ ಈ ಶಿಲೆಗೆ ಡೆಕ್ಕನ್ ಟ್ರ್ಯಾಪ್ ಎಂದು ಹೆಸರು. ಸ್ವೀಡಿಷ್ ಭಾಷೆಯಲ್ಲಿ ಟ್ರಾಪ್ಪಾ ಎಂದರೆ ಮೆಟ್ಟಿಲು. ಲೋಣಾವಳ ಘಾಟಿಯಲ್ಲಿ ರೈಲಿನ ಕಿಟಕಿಯಿಂದ ನೋಡಿದರೆ ಬೆಟ್ಟಗಳು ಮೆಟ್ಟಿಲು ಮೆಟ್ಟಿಲಾಗಿ ಕಾಣುವುದು ಇದೇ ಕಾರಣಕ್ಕೆ. ಇಂದಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ಪ್ರದೇಶವನ್ನು ಈ ಬಸಾಲ್ಟ್ ಶಿಲೆ ಆವರಿಸಿದೆ. ಅಜಂತಾ, ಎಲ್ಲೋರಾ ಕೊರೆದದ್ದು ಇದರಲ್ಲೇ. ಬೀದರ್, ಕಲಬುರಗಿ, ವಿಜಯಪುರ, ಬೆಳಗಾವಿಯ ಕಡೆಗೂ ಇದರ ಅಂಚು ಚಾಚಿದೆ. ಅಲ್ಲಿನ ಎರೆಮಣ್ಣು ಈ ಕಲ್ಲು ಕರಗಿ ಆದದ್ದು.

ಲಾವಾ ಹರಿಯುವಾಗ ಅದರೊಳಗಿನ ಅನಿಲ ಗುಳ್ಳೆಗಳಾಗಿ ಮೇಲೇಳುತ್ತದೆ. ದೋಸೆ ಹಿಟ್ಟು ಕಾವಲಿಯ ಮೇಲೆ ತೂತು ತೂತಾಗುವ ಹಾಗೆ. ಲಾವಾ ತಣಿದು ಗಟ್ಟಿಯಾದಾಗ ಆ ಗುಳ್ಳೆಗಳು ಪೊಳ್ಳುಗಳಾಗಿ ಉಳಿಯುತ್ತವೆ. ಕೆಲವು ಸಾಸಿವೆ ಕಾಳಿನಷ್ಟು, ಕೆಲವು ಮನುಷ್ಯ ಒಳಗೆ ನುಗ್ಗುವಷ್ಟು ದೊಡ್ಡವು. ಮುಂದೆ ಲಕ್ಷಾಂತರ ವರ್ಷ ಬಿಸಿನೀರು ಶಿಲೆಯ ಸಂದುಗಳಲ್ಲಿ ಓಡಾಡಿ ಸಿಲಿಕಾ, ಕ್ಯಾಲ್ಸಿಯಂ, ಸೋಡಿಯಂ, ಪೊಟ್ಯಾಸಿಯಂ ಮೊದಲಾದವನ್ನು ಕರಗಿಸಿಕೊಂಡು ಈ ಪೊಳ್ಳುಗಳಿಗೆ ಬಂದು ಸೇರುತ್ತದೆ. ನೀರು ತಣಿದಂತೆ ಗೋಡೆಗೆ ಹರಳು ಕಟ್ಟುತ್ತದೆ. ಒಳಗೆ ಜಾಗ ಖಾಲಿ ಇರುವುದರಿಂದ ಹರಳುಗಳು ಯಾವುದರ ಒತ್ತಡವೂ ಇಲ್ಲದೆ ತಮ್ಮ ಸಹಜ ಆಕಾರದಲ್ಲಿ ಬೆಳೆಯುತ್ತವೆ. ಇಡೀ ವ್ಯಾಪಾರ ನಿಂತಿರುವುದು ಈ ಖಾಲಿ ಜಾಗದ ಮೇಲೆ.

ಇಲ್ಲಿ ಸಿಗುವ ಬಹುಪಾಲು ಖನಿಜಗಳು ಜಿಯೋಲೈಟ್ ಕುಟುಂಬದವು. 1756ರಲ್ಲಿ ಸ್ವೀಡನ್ನಿನ ಆಕ್ಸೆಲ್ ಫ್ರೆಡ್ರಿಕ್ ಕ್ರಾನ್‌ಸ್ಟೆಡ್ ಒಂದು ಖನಿಜವನ್ನು ಕಾಯಿಸಿದಾಗ ಅದು ನೀರಾವಿ ಬಿಟ್ಟು ಕುದಿಯುವಂತೆ ಕಂಡಿತು. ಅದಕ್ಕೇ ಗ್ರೀಕ್ ಭಾಷೆಯ ಪದಗಳಿಂದ 'ಕುದಿಯುವ ಕಲ್ಲು' ಎಂಬ ಅರ್ಥದ ಹೆಸರಿಟ್ಟ. ಕಂತೆ ಕಟ್ಟಿದಂತೆ ನಡುವೆ ಸಪೂರವಾಗಿರುವ ಪೀಚ್ ಬಣ್ಣದ ಸ್ಟಿಲ್ಬೈಟ್, ಬಿಳಿ ಸೂಜಿಗಳ ಬೀಸಣಿಗೆಯಂಥ ಸ್ಕೊಲಸೈಟ್, ಹ್ಯೂಲಂಡೈಟ್ ಎಲ್ಲ ಇದೇ ಕುಟುಂಬ. ಇವುಗಳ ಜೊತೆಯಲ್ಲೇ ಸಿಗುವ, ಆದರೆ ಜಿಯೋಲೈಟ್ ಅಲ್ಲದ ಅಪೊಫಿಲೈಟ್ ಭಾರತದ ಹೆಮ್ಮೆ. ಸಾಮಾನ್ಯವಾಗಿ ಬಿಳಿ ಅಥವಾ ಪಾರದರ್ಶಕ. ಅಪರೂಪಕ್ಕೆ ಎಳೆ ಹುಲ್ಲಿನಂಥ ಹಸಿರು. ಆ ಹಸಿರಿಗೆ ಕಾರಣ ಒಳಗೆ ಸೇರಿದ ಚೂರೇಚೂರು ವೆನೇಡಿಯಂ.

ವಾಘೋಲಿಯ ನೀಲಿ

ಪುಣೆ-ಅಹಿಲ್ಯಾನಗರ ರಸ್ತೆಯ ವಾಘೋಲಿ ಎಂದರೆ ಈಗ ಐಟಿ ನೌಕರರ ಫ್ಲ್ಯಾಟುಗಳು, ಟ್ರಾಫಿಕ್ ಜಾಮ್ ನೆನಪಾಗುತ್ತದೆ. ಅಲ್ಲಿ ಮನೆ ಮಾಡಿರುವ ಕನ್ನಡಿಗರೂ ಕಡಿಮೆಯಿಲ್ಲ. ಆದರೆ ಜಗತ್ತಿನ ಖನಿಜ ಸಂಗ್ರಾಹಕರಿಗೆ ವಾಘೋಲಿ ಎಂದರೆ ಒಂದೇ ಅರ್ಥ: ಕ್ಯಾವನ್ಸೈಟ್.

ಕ್ಯಾಲ್ಸಿಯಂ, ವೆನೇಡಿಯಂ, ಸಿಲಿಕೇಟ್ ಈ ಮೂರು ಪದಗಳ ತುಂಡು ಸೇರಿಸಿ ಕಟ್ಟಿದ ಹೆಸರದು. ಮೊದಲು ಕಂಡದ್ದು 1967ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ; 1973ರಲ್ಲಿ ಹೊಸ ಖನಿಜವೆಂದು ವೈಜ್ಞಾನಿಕವಾಗಿ ವಿವರಿಸಲಾಯಿತು. ಅಲ್ಲಿ ಸಿಕ್ಕಿದ್ದು ಸಣ್ಣ ಸಣ್ಣ ಹರಳು, ಅದೂ ಅಷ್ಟಕ್ಕಷ್ಟೆ. ಬಳಿಕ 1980ರ ದಶಕದ ಕೊನೆಯ ಹೊತ್ತಿಗೆ ವಾಘೋಲಿಯ ಕಲ್ಲು ಕ್ವಾರಿಗಳಿಂದ ಕಡುನೀಲಿ ಗುಲಾಬಿಯಂಥ ಗೊಂಚಲುಗಳು, ಬಿಳಿ ಸ್ಟಿಲ್ಬೈಟ್ ಮೇಲೆ ಕೂತ ಸ್ಥಿತಿಯಲ್ಲೇ, ಹೊರಬಂದವು. ಈ ಖನಿಜದ ಅತ್ಯುತ್ತಮ ಮಾದರಿಗಳ ವಿಷಯ ಬಂದಾಗ ಜಗತ್ತಿನಲ್ಲಿ ಬೇರೆ ಊರಿನ ಹೆಸರೇ ಬರುವುದಿಲ್ಲ. ಅದೇ ರಾಸಾಯನಿಕ ಸೂತ್ರ ಇದ್ದು ಹರಳಿನ ರಚನೆ ಮಾತ್ರ ಬೇರೆಯಾದ ಪೆಂಟಗೊನೈಟ್ ಇನ್ನೂ ವಿರಳ. ಅದೂ ವಾಘೋಲಿಯಲ್ಲಿ ಸಿಕ್ಕಿದೆ.

ಗಮನಿಸಬೇಕಾದದ್ದು, ಈ ಕ್ವಾರಿಗಳನ್ನು ಯಾರೂ ಹರಳಿಗಾಗಿ ತೋಡಿದ್ದಲ್ಲ. ರಸ್ತೆಗೆ, ಕಟ್ಟಡಕ್ಕೆ ಜಲ್ಲಿ ಬೇಕಿತ್ತು. ಉತ್ತರ ಕರ್ನಾಟಕದವರು 'ಕಡಿ' ಎನ್ನುವುದನ್ನೇ ಮರಾಠಿಗರು 'ಖಡಿ' ಎನ್ನುತ್ತಾರೆ. ಕಡಿ ಮಷಿನ್ನಿಗೆ ಕಲ್ಲು ಒದಗಿಸಲು ಸಿಡಿಮದ್ದು ಇಟ್ಟಾಗ ಒಡೆದುಕೊಂಡ ಪೊಳ್ಳುಗಳಲ್ಲಿ ಹರಳು ಕಂಡಿತು, ಅಷ್ಟೆ. ಹೊಲಕ್ಕೆ ಬಾವಿ ತೋಡುವಾಗಲೂ ಹೀಗೆ ಸಿಕ್ಕಿದ್ದುಂಟು. ರಾಹುರಿ ಹತ್ತಿರದ ಬಾವಿಯೊಂದರಿಂದ ಬಂದ ಹಸಿರು ಅಪೊಫಿಲೈಟ್ ಚೆಂಡುಗಳು ಸಂಗ್ರಾಹಕರ ನಡುವೆ ಇಂದಿಗೂ ಮಾತಿನ ವಿಷಯ. ಅದಕ್ಕೂ ಹಿಂದೆ, 1863ರಲ್ಲಿ ಮುಗಿದ ಭೋರ್ ಘಾಟ್ ರೈಲು ಮಾರ್ಗದ ಸುರಂಗಗಳನ್ನು ಕೊರೆಯುವಾಗ ಸಿಕ್ಕ ಹರಳುಗಳು ಬ್ರಿಟನ್ನಿನ ಮ್ಯೂಸಿಯಂಗಳಿಗೆ ಹೋಗಿ ಸೇರಿದ್ದವು.

ಕಲ್ಲು ಒಡೆಯುವವರ ಕೈಯಿಂದ ಗಾಜಿನ ಪೆಟ್ಟಿಗೆಗೆ

ಮಹಾರಾಷ್ಟ್ರದಲ್ಲಿ ಕಲ್ಲು ಒಡೆಯುವ, ಬಾವಿ ತೋಡುವ ಕೆಲಸ ತಲೆಮಾರುಗಳಿಂದ ಮಾಡಿಕೊಂಡು ಬಂದವರಲ್ಲಿ ವಡಾರ ಸಮುದಾಯದವರು ಮುಖ್ಯರು. ನಮ್ಮ ಕಡೆಯ ವಡ್ಡರು, ಭೋವಿಗಳ ಬಳಗ ಇದು. ಪೊಳ್ಳು ಎಲ್ಲಿದೆ, ಹರಳಿಗೆ ಪೆಟ್ಟಾಗದಂತೆ ಸುತ್ತಲ ಕಲ್ಲನ್ನು ಹೇಗೆ ಬಿಡಿಸಬೇಕು ಎಂಬುದು ಕೈಗೆ ಗೊತ್ತಿರುವವರು ಅವರು. ಉಳಿ, ಸುತ್ತಿಗೆ ಹಿಡಿದು ಗಂಟೆಗಟ್ಟಲೆ ಕೂತು ಒಂದು ತುಂಡನ್ನು ಬಿಡಿಸಿ, ಹಳೇ ಪೇಪರಿನಲ್ಲಿ ಸುತ್ತಿ ಇಡುತ್ತಾರೆ. ಸ್ಥಳೀಯ ದಲ್ಲಾಳಿ ಕೊಳ್ಳುತ್ತಾನೆ. ಅಲ್ಲಿಂದ ಪುಣೆ, ನಾಶಿಕ್, ಜಳಗಾಂವ್ ಕಡೆಯ ವ್ಯಾಪಾರಿಗಳಿಗೆ, ಅವರಿಂದ ವಿದೇಶಕ್ಕೆ.

ಹೊರದೇಶದ ಸಂತೆಗಳಲ್ಲಿ ದೊಡ್ಡದು ಅರಿಜೋನಾದ ಟೂಸಾನ್ ನಗರದ್ದು. 1955ರಲ್ಲಿ ಒಂದು ಶಾಲೆಯಲ್ಲಿ ಸಣ್ಣದಾಗಿ ಶುರುವಾದ ಪ್ರದರ್ಶನ ಈಗ ಪ್ರತಿ ವರ್ಷ ಜನವರಿ ಕೊನೆಯಿಂದ ಫೆಬ್ರವರಿವರೆಗೆ ಊರಿಡೀ ಹಬ್ಬುತ್ತದೆ. ಹೋಟೆಲ್ ಕೋಣೆಗಳೇ ಅಂಗಡಿಗಳಾಗುತ್ತವೆ. ಜರ್ಮನಿಯ ಮ್ಯೂನಿಕ್, ಫ್ರಾನ್ಸಿನ ಸೇಂತ್-ಮರಿ-ಓ-ಮಿನ್ ಊರುಗಳಲ್ಲೂ ಇಂಥ ಸಂತೆ ನಡೆಯುತ್ತದೆ. ಎಲ್ಲ ಕಡೆಯೂ ಭಾರತದ ಜಿಯೋಲೈಟ್‌ಗಳ ಮೇಜು ಇದ್ದೇ ಇರುತ್ತದೆ.

ಈ ಸರಪಳಿಯಲ್ಲಿ ಹಣ ಹೆಚ್ಚುವುದು ಕೊನೆಯ ಎರಡು ಕೊಂಡಿಗಳಲ್ಲಿ. ಮೊದಲ ಕೊಂಡಿಯಲ್ಲಿರುವವನಿಗೆ ಆ ಕಲ್ಲಿನ ವಿದೇಶಿ ಬೆಲೆ ಗೊತ್ತಿರುವುದಿಲ್ಲ, ಸಿಡಿಮದ್ದಿನ ಅಪಾಯ ಮತ್ತು ಶ್ವಾಸಕೋಶ ಸೇರುವ ಕಲ್ಲಿನ ಧೂಳು ಮಾತ್ರ ಚೆನ್ನಾಗಿ ಗೊತ್ತು. ವ್ಯಾಪಾರಿಗಳು ಹೇಳುವ 'ಒಡೆಯದೆ ಸಾಗಿಸುವ ಖರ್ಚು, ಮಾರಾಟವಾಗದೆ ಉಳಿಯುವ ಮಾಲು' ಸುಳ್ಳಲ್ಲ. ಆದರೂ ಹರಳನ್ನು ಹರಳಾಗಿ ಉಳಿಸಿದ ಕೈಗೆ ಸಿಗುವ ಪಾಲು ಬಹಳ ಚಿಕ್ಕದು.

ಬೆಲೆ ನಿರ್ಧಾರ ಹೇಗೆ?

ತೂಕದ ಮೇಲೆ ಅಲ್ಲ. ಇದು ಹೊಸಬರು ಮಾಡುವ ಮೊದಲ ತಪ್ಪು. ಮೂರು ಕಿಲೋದ ಮಂಕು ಸ್ಟಿಲ್ಬೈಟ್ ಮುದ್ದೆಗಿಂತ ಬೆಂಕಿಪೊಟ್ಟಣದಷ್ಟು ದೊಡ್ಡ ಕಲ್ಲಿನ ಮೇಲೆ ಸರಿಯಾಗಿ ನಡುವೆ ಕೂತ ಒಂದೇ ಒಂದು ನೀಲಿ ಕ್ಯಾವನ್ಸೈಟ್ ದುಬಾರಿ. ಒಂದಿಂಚಿನ ಘನದೊಳಗೆ ಹಿಡಿಯುವ ಮಾದರಿಗಳನ್ನು ಥಂಬ್‌ನೇಲ್ ಎನ್ನುತ್ತಾರೆ, ಅವನ್ನಷ್ಟೇ ಸಂಗ್ರಹಿಸುವವರಿದ್ದಾರೆ. ಬಣ್ಣ, ಹೊಳಪು, ಹರಳಿನ ತುದಿಗಳು ಮುಕ್ಕಾಗದೆ ಇರುವುದು, ಎರಡು ಮೂರು ಖನಿಜಗಳು ಒಂದೇ ತುಂಡಿನಲ್ಲಿ ಚೆಂದವಾಗಿ ಸೇರಿರುವುದು ಇವೆಲ್ಲ ಲೆಕ್ಕಕ್ಕೆ ಬರುತ್ತವೆ. ತುದಿಯ ಒಂದು ಸಣ್ಣ ಮುಕ್ಕು ಬೆಲೆಯನ್ನು ಅರ್ಧಕ್ಕೂ ಕೆಳಗೆ ಇಳಿಸಬಲ್ಲದು.

ಇನ್ನೊಂದು ಸಂಗತಿ ಕಣ್ಣಿಗೆ ಕಾಣುವುದೇ ಇಲ್ಲ: ಕಲ್ಲಿನ ಜೊತೆಗಿರುವ ಚೀಟಿ. ಖನಿಜದ ಹೆಸರು, ಸಿಕ್ಕಿದ ಕ್ವಾರಿ, ಊರು, ಜಿಲ್ಲೆ, ವರ್ಷ, ಯಾರ ಸಂಗ್ರಹದಲ್ಲಿತ್ತು ಎಂಬ ವಿವರ. ಚೀಟಿ ಕಳೆದ ಕಲ್ಲು ಅಲಂಕಾರದ ವಸ್ತುವಾಗುತ್ತದೆ. ಭೂವಿಜ್ಞಾನಿಗೆ ಅದರಿಂದ ಹೆಚ್ಚು ಉಪಯೋಗವಿಲ್ಲ. ದುರದೃಷ್ಟಕ್ಕೆ ಭಾರತದಿಂದ ಹೋದ ಎಷ್ಟೋ ಮಾದರಿಗಳ ಚೀಟಿಯಲ್ಲಿ 'ಪುಣೆ' ಅಥವಾ 'ನಾಶಿಕ್' ಎಂದಷ್ಟೇ ಇರುತ್ತದೆ. ಸಿಕ್ಕಿದ ಜಾಗ ಪ್ರತಿಸ್ಪರ್ಧಿಗೆ ಗೊತ್ತಾಗದಿರಲಿ ಎಂದು ಬೇಕೆಂದೇ ಬೇರೆ ಊರು ಬರೆಯುವ ಚಾಳಿ ಈ ವ್ಯಾಪಾರದಲ್ಲಿ ಹಳೆಯದು. ಕರ್ನಾಟಕದ ಕೆಂಪು ಕುರಂಗದ (ಕಚ್ಚಾ ಮಾಣಿಕ್ಯ) ಆರು ಮೂಲೆಯ ಹರಳುಗಳದ್ದೂ ಇದೇ ಕಥೆ. ಅವು ಜಗತ್ತಿನ ತುಂಬ ಮಾರಾಟವಾಗುತ್ತವೆ, ಚೀಟಿಯಲ್ಲಿ 'ಮೈಸೂರು' ಎಂದಿರುತ್ತದೆ. ಹಳೇ ಮೈಸೂರು ರಾಜ್ಯವೋ, ಜಿಲ್ಲೆಯೋ, ಯಾವ ಹಳ್ಳಿಯೋ ಓದುವವರೇ ಊಹಿಸಿಕೊಳ್ಳಬೇಕು.

ಮೋಸ ಎಲ್ಲೆಲ್ಲಿ?

ಮತ್ತೆ ಅಜಂತಾದ ಬಸ್ ಸ್ಟ್ಯಾಂಡಿಗೆ ಬರೋಣ. ಉಂಡೆಯ ಒಳಗೆ ಕಾಣುವ ಗಾಢ ಗುಲಾಬಿ, ಕಡುನೇರಳೆ, ಗಿಳಿಹಸಿರು ಬಹುಮಟ್ಟಿಗೆ ಅದ್ದಿ ತೆಗೆದ ಬಣ್ಣ. ಒಕೆನೈಟ್ ಎಂಬ ಖನಿಜ ಬಿಳಿ ಹತ್ತಿಯ ಉಂಡೆಯಂತೆ ಇರುತ್ತದೆ. ಅದನ್ನು ಗುಲಾಬಿ, ನೀಲಿ ಮಾಡಿ ಮಾರುವುದು ಮಾಮೂಲು. ಒದ್ದೆ ಹತ್ತಿಯಿಂದ ಒಂದು ಮೂಲೆ ಉಜ್ಜಿ ನೋಡಿದರೆ ಕೆಲವೊಮ್ಮೆ ಬಣ್ಣ ಬಿಡುತ್ತದೆ.

ಆನ್‌ಲೈನ್ ಅಂಗಡಿಗಳಲ್ಲಿ 'ಸಿಟ್ರಿನ್' ಎಂದು ಸಿಗುವ ಕಿತ್ತಳೆ ಬಣ್ಣದ ಗೊಂಚಲುಗಳಲ್ಲಿ ಹೆಚ್ಚಿನವು ಒಲೆಯಲ್ಲಿ ಕಾಯಿಸಿದ ಅಮೆಥಿಸ್ಟ್. ತುದಿ ಸುಟ್ಟ ಕಿತ್ತಳೆ, ಬುಡ ಸುಣ್ಣದಂತೆ ಬಿಳಿ ಇದ್ದರೆ ಅನುಮಾನಿಸಬಹುದು. ಕಾಮನಬಿಲ್ಲಿನ ಹೊಳಪಿನ 'ಆರಾ ಕ್ವಾರ್ಟ್ಜ್' ಎಂದರೆ ಸಾದಾ ಸ್ಫಟಿಕದ ಮೇಲೆ ಲೋಹದ ತೆಳು ಲೇಪ. 'ಚೆರ್ರಿ ಕ್ವಾರ್ಟ್ಜ್' ಬರೀ ಗಾಜು. ಕಾಮನಬಿಲ್ಲಿನ ಬಣ್ಣದ, ಮೆಟ್ಟಿಲಾಕಾರದ ಬಿಸ್ಮತ್ ಹರಳುಗಳು ಮನುಷ್ಯ ಬೆಳೆಸಿದವು. ಹಾಗೆಂದು ಹೇಳಿ ಮಾರಿದರೆ ಇವು ಯಾವುದೂ ತಪ್ಪಲ್ಲ.

ಹೆಚ್ಚು ದುಡ್ಡು ಕಳೆದುಕೊಳ್ಳುವುದು ಅಂಟಿಸಿದ ಮಾದರಿಗಳಲ್ಲಿ. ಉದುರಿದ ಕ್ಯಾವನ್ಸೈಟ್ ಗೊಂಚಲನ್ನು ಬೇರೊಂದು ಸ್ಟಿಲ್ಬೈಟ್ ಮೇಲೆ ಅಂಟಿಸಿ ಒಂದೇ ಮಾದರಿ ಎಂದು ಮಾರುತ್ತಾರೆ. ಹತ್ತರ ಲೆನ್ಸ್ ಹಿಡಿದು ಸೇರುವ ಜಾಗ ನೋಡಬೇಕು. ಅಂಟು ಕೆಲವೊಮ್ಮೆ ಅತಿನೇರಳೆ ಟಾರ್ಚಿನಲ್ಲಿ ಹೊಳೆದು ಸಿಕ್ಕಿಬೀಳುತ್ತದೆ. ಮುರಿದದ್ದನ್ನು ಅದೇ ಜಾಗಕ್ಕೆ ಜೋಡಿಸಿ 'ರಿಪೇರಿ ಆಗಿದೆ' ಎಂದು ಹೇಳುವುದು ಒಪ್ಪಿತ ರೂಢಿ. ಮುಚ್ಚಿಟ್ಟರೆ ಮೋಸ.

ಹರಳು ಕಾಯಿಲೆ ವಾಸಿ ಮಾಡುತ್ತದೆ, ಹಣ ತರುತ್ತದೆ ಎಂಬ ಮಾತಿಗೆ ವೈಜ್ಞಾನಿಕ ಆಧಾರವಿಲ್ಲ. ಈ ನಂಬಿಕೆಯಿಂದ ಅಂಗಡಿಯವರ ಮಾರಾಟ ಹೆಚ್ಚಿರುವುದು ನಿಜ. ಅಪಾಯ ಇರುವುದು ಕುಡಿಯುವ ನೀರಿನೊಳಗೆ ಹರಳು ಹಾಕಿಡುವ ಪದ್ಧತಿಯಲ್ಲಿ. ಮಾಲಕೈಟ್‌ನಲ್ಲಿ ತಾಮ್ರ, ಗೆಲೀನಾದಲ್ಲಿ ಸೀಸ, ಸಿನಬಾರ್‌ನಲ್ಲಿ ಪಾದರಸ, ರಿಯಲ್ಗಾರ್‌ನಲ್ಲಿ ಆರ್ಸೆನಿಕ್ ಇದೆ. ಇವನ್ನು ಮುಟ್ಟಿದರೆ ಕೈ ತೊಳೆಯಬೇಕು, ಮಕ್ಕಳ ಕೈಗೆ ಕೊಡಬಾರದು.

ಮನೆಯಲ್ಲಿ ಇಡುವಾಗ

ಒಕೆನೈಟ್ ಉಂಡೆಯನ್ನು ಬೆರಳಿಂದ ಮುಟ್ಟಿದರೆ ಆಯಿತು, ಆ ನಯವಾದ ಕೂದಲು ಮತ್ತೆ ಏಳುವುದಿಲ್ಲ, ನೀರಂತೂ ತಾಗಿಸಲೇಬಾರದು. ಅಪೊಫಿಲೈಟ್ ಒಂದು ದಿಕ್ಕಿನಲ್ಲಿ ಸಲೀಸಾಗಿ ಸೀಳುತ್ತದೆ, ಆದ್ದರಿಂದ ಬಿಸಿನೀರು ಬೇಡ. ಅಮೆಥಿಸ್ಟ್ ಬಿಸಿಲಿಗೆ ಬಣ್ಣ ಕಳೆದುಕೊಳ್ಳುತ್ತದೆ, ಕಿಟಕಿ ಬಳಿ ಇಡಬಾರದು. ಪೈರೈಟ್‌ಗೆ ತೇವದ ಗಾಳಿ ಶತ್ರು. ಮುಂಬೈ ಮಳೆಗಾಲದಲ್ಲಿ ಅದು ಬೂದಿ ಬಣ್ಣಕ್ಕೆ ತಿರುಗಿ ಪುಡಿಯಾಗುವುದುಂಟು. ಲೋಮಾಂಟೈಟ್ ತದ್ವಿರುದ್ಧ: ಒಣ ಗಾಳಿಗೆ ಒಳಗಿನ ನೀರು ಬಿಟ್ಟು ತಾನೇ ಉದುರುತ್ತದೆ.

ಕ್ವಾರಿಗೆ ಹೋಗಿ ತಾವೇ ಹುಡುಕುವ ಆಸೆ ಇದ್ದರೆ ಮಾಲೀಕರ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ಅಜಂತಾದಂಥ ಸಂರಕ್ಷಿತ ಸ್ಮಾರಕ, ಉಡುಪಿಯ ಸೇಂಟ್ ಮೇರೀಸ್ ದ್ವೀಪದಂಥ ಭೂವೈಜ್ಞಾನಿಕ ಸ್ಮಾರಕಗಳಲ್ಲಿ ಕಲ್ಲು ಕೀಳಬಾರದು.

ಕೈಯಿಂದ ಉಳಿ ಹಿಡಿದು ಬಿಡಿಸುವ ಕ್ವಾರಿಗಳೂ ಕಡಿಮೆಯಾಗುತ್ತಿವೆ. ದೊಡ್ಡ ಯಂತ್ರ ಬಂದಲ್ಲಿ ಪೊಳ್ಳು ಕಂಡರೂ ನಿಲ್ಲಿಸಿ ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಹರಳು ಜಲ್ಲಿಯ ಜೊತೆಗೇ ಪುಡಿಯಾಗಿ ಕಾಂಕ್ರೀಟಿಗೆ ಸೇರುತ್ತದೆ. ನಗರ ಬೆಳೆದಲ್ಲಿ ಕ್ವಾರಿಯೇ ಮುಚ್ಚುತ್ತದೆ. ಮುಂಬೈನ ಕಾಂದಿವಲಿ, ಮಲಾಡ್ ಕಡೆಯ ಕ್ವಾರಿಗಳಿಂದ ಒಂದು ಕಾಲದಲ್ಲಿ ತಿಳಿಹಸಿರು ಪ್ರೆಹ್ನೈಟ್ ಬೆರಳಿನಾಕಾರದಲ್ಲಿ ಹೊರಬರುತ್ತಿತ್ತು. ಲೋಮಾಂಟೈಟ್ ಹರಳಿನ ಮೇಲೆ ಪ್ರೆಹ್ನೈಟ್ ಕಟ್ಟಿಕೊಂಡು, ಒಳಗಿನದು ಕರಗಿಹೋಗಿ ಹೊರಗಿನ ಕವಚ ಉಳಿದದ್ದು ಅದು. ಆ ಜಾಗಗಳ ಸುತ್ತ ಇಂದು ಕಟ್ಟಡಗಳಿವೆ. ಈಗ ಮಾರಾಟಕ್ಕೆ ಬರುವ ಆ ಪ್ರೆಹ್ನೈಟ್‌ಗಳು ಮುಖ್ಯವಾಗಿ ಹಳೇ ಸಂಗ್ರಹಗಳಿಂದ, ಯಾರೋ ಆಗ ಬರೆದಿಟ್ಟ ಚೀಟಿಯ ಜೊತೆಗೆ ಬರುತ್ತವೆ.