0.1ಕ್ಕೆ 0.2 ಕೂಡಿದರೆ ಯಾಕೆ 0.3 ಅಲ್ಲ?

ಪೈಥಾನ್ ತೆರೆದು, 0.1 ಮತ್ತು 0.2 ಕೂಡಿದರೆ 0.3ಕ್ಕೆ ಸಮವೇ ಅಂತ ಕೇಳಿ. ಉತ್ತರ: ಫಾಲ್ಸ್! ಮೊತ್ತವನ್ನೇ ಪ್ರಿಂಟ್ ಮಾಡಿದರೆ 0.30000000000000004 ಬರುತ್ತೆ.

ಪೈಥಾನ್ ತಪ್ಪಲ್ಲ ಇದು. ಜಾವಾ, ಜಾವಾಸ್ಕ್ರಿಪ್ಟ್‌ನಲ್ಲೂ ಹೀಗೇ. ಎಲ್ಲವೂ ನಂಬಿರೋದು 1985ರಲ್ಲಿ ಬಂದ ಐಇಇಇ 754 ಮಾನದಂಡವನ್ನು. ಅದರ ಡಬಲ್ ಎಂಬ ಸಂಖ್ಯಾ ಮಾದರಿಯಲ್ಲಿ (ಪೈಥಾನ್‌ನ ಫ್ಲೋಟ್ ಇದೇ) ಸಿಗೋದು 53 ಬಿಟ್‌ಗಳ ನಿಖರತೆ. ಮೂರನೇ ಒಂದು ಭಾಗವನ್ನು ದಶಮಾಂಶದಲ್ಲಿ ಬರೆದರೆ 0.333 ಅಂತ ಮುಗಿಯೋದೇ ಇಲ್ಲ ಅಲ್ವಾ? ಬೈನರಿಯಲ್ಲಿ 0.1ಕ್ಕೂ ಅದೇ ಗತಿ. ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು.

ನಿಜವಾದ ಅಪಾಯ ಲೂಪ್‌ನಲ್ಲಿದೆ. ಸೊನ್ನೆಯಿಂದ ಶುರುಮಾಡಿ 0.1 ಕೂಡುತ್ತಾ ಹೋಗು, 1ಕ್ಕೆ ಸಮ ಆದಾಗ ನಿಲ್ಲು ಅಂದರೆ ಅದು ನಿಲ್ಲೋದೇ ಇಲ್ಲ. ಹತ್ತನೇ ಸಲ 0.9999999999999999. ಹನ್ನೊಂದನೇ ಸಲಕ್ಕೆ 1 ದಾಟಿಬಿಟ್ಟಿರುತ್ತೆ!

ವ್ಯತ್ಯಾಸ 0.000001ಕ್ಕಿಂತ ಕಡಿಮೆ ಇದ್ದರೆ ಸಮ ಅಂತ ಅನೇಕರು ಬರೀತಾರೆ. ಸಾಲದು. 10ರ ಘಾತ 16 ದಾಟಿದರೆ ಅಕ್ಕಪಕ್ಕದ ಎರಡು ಡಬಲ್‌ಗಳ ನಡುವಿನ ಅಂತರವೇ ಕನಿಷ್ಠ 2. ಸಂಖ್ಯೆ ದೊಡ್ಡದಾದಂತೆ ಸಹಿಸುವ ವ್ಯತ್ಯಾಸವೂ ದೊಡ್ಡದಾಗಬೇಕು. ಪೈಥಾನ್‌ನ ಮ್ಯಾತ್ ಡಾಟ್ ಈಸ್‌ಕ್ಲೋಸ್ ಮಾಡೋದು ಇದನ್ನೇ. ಆದರೆ ಸೊನ್ನೆಗೆ ಹೋಲಿಸುವಾಗ ಮಾತ್ರ ಹುಷಾರು: ಎಷ್ಟು ವ್ಯತ್ಯಾಸ ಪರವಾಗಿಲ್ಲ ಅನ್ನೋದನ್ನು ನೀವೇ ಕೊಡಬೇಕು.

ದುಡ್ಡಿನ ಲೆಕ್ಕವಾ? ಫ್ಲೋಟ್ ಬೇಡವೇ ಬೇಡ. ಪೈಸೆ ಲೆಕ್ಕದಲ್ಲಿ ಪೂರ್ಣಾಂಕವಾಗಿ ಇಡಿ.