ಫಾರ್ಮ್ಯಾಟ್ ಹೊಡೆಯುವ ಮೊದಲು

ಬೈಲಹೊಂಗಲದಲ್ಲಾಗಲಿ ಸವದತ್ತಿ, ರಾಮದುರ್ಗ, ಕಿತ್ತೂರಿನಲ್ಲಾಗಲಿ ಡಿಟಿಪಿ ಅಂಗಡಿಯೊಂದರ ಮೂಲೆಯಲ್ಲಿ ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಇರುವ ಕಂಪ್ಯೂಟರ್ ಇನ್ನೂ ಉಳಿದಿದ್ದರೆ ಅದಕ್ಕೆ ಬಲವಾದ ಕಾರಣವಿರುತ್ತದೆ. ಲಗ್ನಪತ್ರಿಕೆ, ಯಲ್ಲಮ್ಮನ ಜಾತ್ರೆಯ ಕರಪತ್ರ, ಸೊಸೈಟಿಯ ವಾರ್ಷಿಕ ವರದಿ, ಎಲ್ಲವೂ ವರ್ಷಗಟ್ಟಲೆ ಪೇಜ್‌ಮೇಕರ್‌ನಲ್ಲಿ ನುಡಿ ಅಥವಾ ಶ್ರೀಲಿಪಿಯ ಅಕ್ಷರಗಳಲ್ಲಿ ತಯಾರಾಗಿವೆ. 2001ರಲ್ಲಿ ಬಂದ 7.0 ಆದ ಮೇಲೆ ಪೇಜ್‌ಮೇಕರ್‌ನ ದೊಡ್ಡ ಆವೃತ್ತಿ ಬರಲೇ ಇಲ್ಲ. ಅದಕ್ಕೆ ಯುನಿಕೋಡ್ ಕನ್ನಡ ಗೊತ್ತಿಲ್ಲ. ಅದು ತೊಂದರೆ ಇಲ್ಲದೆ ನಡೆಯುವುದು ಹಳೆಯ ವಿಂಡೋಸ್‌ನಲ್ಲೇ. ಇಂಥ ಯಂತ್ರ ಕೆಟ್ಟಾಗ ಮೊದಲು ಬರುವ ಸಲಹೆ ‘ಫಾರ್ಮ್ಯಾಟ್ ಹೊಡೀರಿ’. ಬಹಳಷ್ಟು ಸಲ ಅದರ ಅಗತ್ಯವೇ ಇರುವುದಿಲ್ಲ. ಹೊಡೆದ ಮೇಲೆ ಹೋದ ಫಾಂಟುಗಳನ್ನೂ ಸಿಡಿ ಕಳೆದುಹೋದ ತಂತ್ರಾಂಶವನ್ನೂ ಮರಳಿ ತರುವುದು ಕಷ್ಟ.

ನನ್ನ ಪ್ರಕಾರ ಹಳೆಯ ಕಂಪ್ಯೂಟರಿನಲ್ಲಿ ಮೊದಲು ಅನುಮಾನಿಸಬೇಕಾದದ್ದು ಮದರ್‌ಬೋರ್ಡಿನ ಮೇಲಿರುವ ಗುಂಡಗಿನ ಸಣ್ಣ ಬ್ಯಾಟರಿಯನ್ನು. ಅದರ ಹೆಸರು ಸಿಆರ್2032, ಅದು 3 ವೋಲ್ಟಿನದು. ಕರೆಂಟ್ ಇಲ್ಲದಾಗ ಗಡಿಯಾರ ನಡೆಸುವುದು, ಬಯೋಸ್‌ನ ಸೆಟ್ಟಿಂಗ್ ನೆನಪಿಡುವುದು ಅದರ ಕೆಲಸ. ಅದು ಸತ್ತರೆ ಆನ್ ಮಾಡಿದ ಕೂಡಲೇ ಎಫ್1 ಒತ್ತಿ ಎಂಬ ಸಂದೇಶ ಬರುತ್ತದೆ, ದಿನಾಂಕ ಎಷ್ಟೋ ವರ್ಷ ಹಿಂದಕ್ಕೆ ಹೋಗಿರುತ್ತದೆ. ದಿನಾಂಕ ತಪ್ಪಿದರೆ ವೆಬ್‌ಸೈಟುಗಳ ಭದ್ರತಾ ಪ್ರಮಾಣಪತ್ರಗಳ ಅವಧಿ ತಾಳೆಯಾಗದೆ ಬ್ರೌಸರ್ ಪುಟ ತೆರೆಯಲು ನಿರಾಕರಿಸುತ್ತದೆ. ಅಂಗಡಿಯವರು ನೆಟ್ ಕೆಟ್ಟಿದೆ ಎಂದು ಕೇಬಲ್ ಬದಲಿಸುತ್ತಾರೆ.

ಇದಕ್ಕಿಂತ ಹೆದರಿಸುವ ಪರಿಣಾಮ ಇನ್ನೊಂದಿದೆ. ಬ್ಯಾಟರಿ ಸತ್ತಾಗ ಬಯೋಸ್ ತನ್ನ ಮೂಲ ಸೆಟ್ಟಿಂಗ್‌ಗೆ ಮರಳುತ್ತದೆ. ಕೆಲವು ಬೋರ್ಡುಗಳಲ್ಲಿ ಹಾರ್ಡ್‌ಡಿಸ್ಕ್ ಓದುವ ವಿಧಾನ ಆಗ ಐಡಿಇಯಿಂದ ಎಎಚ್‌ಸಿಐಗೆ ಬದಲಾಗಿಬಿಡುತ್ತದೆ. ಎಕ್ಸ್‌ಪಿಯ ಬಳಿ ಎಎಚ್‌ಸಿಐ ಡ್ರೈವರ್ ಇರುವುದಿಲ್ಲ. ಐಡಿಇಯಲ್ಲಿ ಹಾಕಿದ ವಿಂಡೋಸ್ 7 ಕೂಡ ಒಮ್ಮೆಲೇ ಬದಲಾದರೆ ತಡವರಿಸುತ್ತದೆ. ಲೋಗೋ ಕಂಡ ಮರುಕ್ಷಣ ನೀಲಿ ಪರದೆ, ಅದರಲ್ಲಿ 7ಬಿ ಎಂದು ಮುಗಿಯುವ ಒಂದು ಸಂಖ್ಯೆ. ಹಾರ್ಡ್‌ಡಿಸ್ಕ್ ಹೋಯಿತು ಎಂದೇ ಎಲ್ಲರೂ ತೀರ್ಮಾನಿಸುತ್ತಾರೆ. ಅದರೊಳಗೆ ಎಲ್ಲವೂ ಸುರಕ್ಷಿತವಾಗಿಯೇ ಇರುತ್ತದೆ. ಪ್ಲಗ್ ತೆಗೆದು ಹೊಸ ಬ್ಯಾಟರಿ ಹಾಕಿ. ಆನ್ ಆಗುವಾಗ ಡಿಲೀಟ್ ಅಥವಾ ಎಫ್2 ಒತ್ತಿ ಬಯೋಸ್‌ಗೆ ಹೋಗಿ, ದಿನಾಂಕ ಸರಿಪಡಿಸಿ, ಸಾಟಾ ಮೋಡ್ ಅನ್ನು ಮೊದಲಿದ್ದಂತೆ ಐಡಿಇಗೆ ತಂದು ಉಳಿಸಿ. ಯಂತ್ರ ಸರಿಯಿದ್ದಾಗಲೇ ಬಯೋಸ್‌ನ ಪುಟಗಳ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡರೆ ಮೊದಲು ಏನಿತ್ತು ಎಂಬ ಗೊಂದಲವೂ ಇರುವುದಿಲ್ಲ.

ಬೀಪ್ ಶಬ್ದ ಬಂದು ಪರದೆ ಕಪ್ಪಾಗಿಯೇ ಉಳಿದರೆ ರ‍್ಯಾಮ್ ನೋಡಿ. ನಮ್ಮದು ಅರಳೆ ಮಾರುಕಟ್ಟೆಯ ಊರು, ಎರೆಮಣ್ಣಿನ ಸೀಮೆ, ಧೂಳಿಗೆ ಬರವಿಲ್ಲ. ರ‍್ಯಾಮ್ ಪಟ್ಟಿ ಬಿಚ್ಚಿ, ಅದರ ಚಿನ್ನದ ಬಣ್ಣದ ಅಂಚನ್ನು ಶಾಲೆ ಮಕ್ಕಳ ರಬ್ಬರಿನಿಂದ ಮೆಲ್ಲಗೆ ಉಜ್ಜಿ, ಪುಡಿ ಕೊಡವಿ ಮರಳಿ ಕೂಡಿಸಿದರೆ ಎಷ್ಟೋ ಯಂತ್ರಗಳು ಎದ್ದು ಕೂರುತ್ತವೆ.

ಇನ್ನು ಕನ್ನಡದ ತೊಂದರೆಗಳು. ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡ ಚೌಕಗಳಾಗಿಯೋ, ಒತ್ತಕ್ಷರ ಒಡೆದೋ ಕಾಣುವುದು ಹಳೆಯ ದೂರು. ತುಂಗಾ ಫಾಂಟ್ ಎಕ್ಸ್‌ಪಿಯ ಜೊತೆಗೇ ಬಂದಿದೆ. ಆದರೆ ವ್ಯಂಜನ, ಸ್ವರಚಿಹ್ನೆ, ಒತ್ತುಗಳನ್ನು ಜೋಡಿಸುವ ವ್ಯವಸ್ಥೆಯನ್ನು ನಾವೇ ಚಾಲೂ ಮಾಡಬೇಕು. ಕಂಟ್ರೋಲ್ ಪ್ಯಾನೆಲ್‌ನ ರೀಜನಲ್ ಆ್ಯಂಡ್ ಲ್ಯಾಂಗ್ವೇಜ್ ಆಪ್ಷನ್ಸ್‌ನಲ್ಲಿ ಲ್ಯಾಂಗ್ವೇಜಸ್ ವಿಭಾಗಕ್ಕೆ ಹೋಗಿ, ಕಾಂಪ್ಲೆಕ್ಸ್ ಸ್ಕ್ರಿಪ್ಟ್ ಎಂದಿರುವ ಸಾಲಿಗೆ ಗುರುತು ಹಾಕಿ. ಅದು ಎಕ್ಸ್‌ಪಿ ಸಿಡಿ ಕೇಳುತ್ತದೆ. ಸಿಡಿಯ ಐ386 ಫೋಲ್ಡರನ್ನು ಮೊದಲೇ ಡಿ ಡ್ರೈವ್‌ನಲ್ಲಿ ನಕಲು ಮಾಡಿಟ್ಟವರು ಆ ಜಾಗ ತೋರಿಸಿದರೆ ಸಾಕು. ವಿಂಡೋಸ್ 7ರಲ್ಲಿ ಈ ತಾಪತ್ರಯವಿಲ್ಲ.

ನುಡಿಯ ಹಳೆಯ ಫೈಲುಗಳ ಕಥೆ ಬೇರೆ. ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಅವರ ಬರಹ, ಇವುಗಳ ಹಳೆಯ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆಯೇ ಕನ್ನಡದ ಆಕಾರ ಕೂಡಿಸಿಕೊಂಡಿವೆ. ಸವದತ್ತಿಯಲ್ಲಿ ಟೈಪ್ ಮಾಡಿದ್ದನ್ನು ಪೆನ್‌ಡ್ರೈವಿನಲ್ಲಿ ತಂದು ಬೈಲಹೊಂಗಲದ ಪ್ರೆಸ್ಸಿನಲ್ಲಿ ತೆರೆದಾಗ ‘ಕ’ ಇರಬೇಕಾದಲ್ಲಿ ಇಂಗ್ಲಿಷಿನ ಪಿ, ‘ನ’ ಇರಬೇಕಾದಲ್ಲಿ ಪೌಂಡ್ ಚಿಹ್ನೆ ಕಂಡರೆ ಫೈಲು ಕೆಟ್ಟಿಲ್ಲ, ಅಲ್ಲಿ ಆ ಫಾಂಟ್ ಇಲ್ಲ ಅಷ್ಟೆ. ವಿಂಡೋಸ್ ಫೋಲ್ಡರಿನೊಳಗಿನ ಫಾಂಟ್ಸ್‌ಗೆ ಅದನ್ನು ಹಾಕಿ ತಂತ್ರಾಂಶವನ್ನು ಮುಚ್ಚಿ ತೆರೆದರೆ ಅಕ್ಷರಗಳು ಮೂಡುತ್ತವೆ. ಪ್ರೆಸ್ಸಿಗೆ ಕಳಿಸುವವರು ಕೋರೆಲ್‌ಡ್ರಾದಲ್ಲಿ ಅಕ್ಷರ ಆರಿಸಿ ಕಂಟ್ರೋಲ್ ಕ್ಯೂ ಒತ್ತಿ, ಅವನ್ನು ಗೆರೆಗಳ ಚಿತ್ರವಾಗಿಸಿ ಕೊಟ್ಟರೆ ಫಾಂಟಿನ ಹಂಗೇ ಇಲ್ಲ. ತಿದ್ದಲು ಬರುವ ಮೂಲ ಪ್ರತಿ ಮಾತ್ರ ಬೇರೆ ಇರಲಿ.

ನುಡಿಯಲ್ಲಿ ಕನ್ನಡ–ಇಂಗ್ಲಿಷ್ ಬದಲಿಸುವುದು ಸ್ಕ್ರೋಲ್ ಲಾಕ್ ಕೀಲಿಯಿಂದ. ಹೊಸ ಚಿಕ್ಕ ಕೀಬೋರ್ಡುಗಳಲ್ಲಿ ಆ ಕೀಲಿಯೇ ಇರುವುದಿಲ್ಲ. ಹಾಗಿದ್ದರೆ ವಿಂಡೋಸ್‌ನ ಆನ್‌ಸ್ಕ್ರೀನ್ ಕೀಬೋರ್ಡ್ ತೆರೆದು ಒತ್ತಬಹುದು. ಕೊಳ್ಳುವಾಗಲೇ ಪೂರ್ತಿ ಅಳತೆಯ ಕೀಬೋರ್ಡ್ ನೋಡಿ ತರುವುದು ಇನ್ನೂ ಒಳ್ಳೆಯದು. ಎಕ್ಸೆಲ್‌ನಲ್ಲಿ ಬಾಣದ ಕೀಲಿ ಒತ್ತಿದರೆ ಮನೆಯಿಂದ ಮನೆಗೆ ಹೋಗದೆ ಇಡೀ ಹಾಳೆಯೇ ಸರಿಯುತ್ತಿದ್ದರೆ ಅದೇ ಸ್ಕ್ರೋಲ್ ಲಾಕ್ ಚಾಲೂ ಉಳಿದಿದೆ ಎಂದರ್ಥ.

ಯಂತ್ರ ನಿಧಾನವಾದರೆ ರನ್‌ನಲ್ಲಿ ಎಂಎಸ್‌ಕಾನ್ಫಿಗ್ ತೆರೆದು, ಸ್ಟಾರ್ಟ್‌ಅಪ್‌ನಲ್ಲಿ ಬೇಡದ್ದರ ಗುರುತು ತೆಗೆಯಿರಿ. ಮೈ ಕಂಪ್ಯೂಟರ್‌ನ ಪ್ರಾಪರ್ಟೀಸ್‌ನಲ್ಲಿ ಅಡ್ವಾನ್ಸ್ಡ್, ಪರ್ಫಾರ್ಮೆನ್ಸ್ ಎಂದು ಹೋಗಿ ಬೆಸ್ಟ್ ಪರ್ಫಾರ್ಮೆನ್ಸ್ ಆರಿಸಿದರೆ ನೆರಳು, ಮಿನುಗು ಹೋಗಿ ಕೆಲಸ ಚುರುಕಾಗುತ್ತದೆ. ರ‍್ಯಾಮ್ ಹೆಚ್ಚಿಸುವವರಿಗೆ ಒಂದು ಮಾತು: 32 ಬಿಟ್‌ನ ಎಕ್ಸ್‌ಪಿಗೆ 4 ಜಿಬಿ ಹಾಕಿದರೂ ಅದರಲ್ಲಿ ಬಳಕೆಗೆ ಸಿಗುವುದು ಸುಮಾರು 3 ಜಿಬಿಯಷ್ಟೇ.

ಮಾಡಲೇಬೇಕಾದ ಬದಲಾವಣೆ ಬೇರೊಂದಿದೆ. ಗಿರಾಕಿಗಳ ಫೈಲುಗಳನ್ನೆಲ್ಲ ಡೆಸ್ಕ್‌ಟಾಪ್ ಮೇಲೆ ಉಳಿಸುವುದು ನಮ್ಮ ಅಂಗಡಿಗಳ ರೂಢಿ. ಡೆಸ್ಕ್‌ಟಾಪ್ ಇರುವುದು ಸಿ ಡ್ರೈವ್‌ನಲ್ಲಿ. ಫಾರ್ಮ್ಯಾಟ್ ಆದಾಗ ಮೊದಲು ಹೋಗುವುದೂ ಅದೇ. ಮೈ ಡಾಕ್ಯುಮೆಂಟ್ಸ್‌ನ ಪ್ರಾಪರ್ಟೀಸ್‌ನಲ್ಲಿ ಮೂವ್ ಒತ್ತಿ ಅದನ್ನು ಡಿ ಡ್ರೈವ್‌ಗೆ ಸಾಗಿಸಿ, ಕೆಲಸವನ್ನೆಲ್ಲ ಅಲ್ಲೇ ಉಳಿಸಿ. ಪೆನ್‌ಡ್ರೈವ್ ತೆರೆದಾಗ ಬರೀ ಶಾರ್ಟ್‌ಕಟ್ ಕಂಡರೆ ವೈರಸ್ ಫೈಲುಗಳನ್ನು ಅಡಗಿಸಿದೆ, ಅಳಿಸಿಲ್ಲ. ಶಾರ್ಟ್‌ಕಟ್ ಮುಟ್ಟಬೇಡಿ, ಫೋಲ್ಡರ್ ಆಪ್ಷನ್ಸ್‌ನಲ್ಲಿ ಅಡಗಿದ ಫೈಲುಗಳನ್ನೂ ಸಿಸ್ಟಮ್ ಫೈಲುಗಳನ್ನೂ ತೋರಿಸುವಂತೆ ಮಾಡಿದರೆ ಎಲ್ಲ ಅಲ್ಲೇ ಇರುತ್ತವೆ.

ಇಂಟರ್‌ನೆಟ್ ವಿಷಯದಲ್ಲಿ ಮಾತ್ರ ನನ್ನದು ಕಟ್ಟುನಿಟ್ಟಿನ ಮಾತು. ಎಕ್ಸ್‌ಪಿಗೆ ಮೈಕ್ರೋಸಾಫ್ಟ್‌ನ ಬೆಂಬಲ ನಿಂತದ್ದು 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ. 2017ರ ಮೇ ತಿಂಗಳಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶ ಹಬ್ಬಿ ಜಗತ್ತಿನ ಎಷ್ಟೋ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಹಾಕಿತು. ಈ ಯಂತ್ರಗಳಲ್ಲಿ ಬ್ಯಾಂಕ್, ಜಿಎಸ್‌ಟಿ, ಆಧಾರ್ ಕೆಲಸ ಬೇಡ. ನೆಟ್ ಕೇಬಲ್ ಕಿತ್ತಿಡಿ, ಪುಟ ಕಟ್ಟಲು, ಮುದ್ರಿಸಲು ಮಾತ್ರ ಬಳಸಿ.

ಹಳೆಯ ಯಂತ್ರದೊಳಗಿನ ಕನ್ನಡವನ್ನು ಹೊರತರುವ ಕೆಲಸವನ್ನೂ ಮುಂದೂಡಬೇಡಿ. ಸ್ಮರಣ ಸಂಚಿಕೆ, ಮನೆತನದ ವಂಶಾವಳಿ, ಸಂಘದ ನಡಾವಳಿ, ಇವುಗಳನ್ನು ಪರಿವರ್ತಕದಿಂದ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ಓದಿ ತಿದ್ದಿ. ಅದಕ್ಕೆ ಸಮಯ ಸಾಲದಿದ್ದರೆ ಕನಿಷ್ಠ ಈ ವಾರ, ಯಂತ್ರ ನಡೆಯುತ್ತಿರುವಾಗಲೇ, ಫಾಂಟ್ಸ್ ಫೋಲ್ಡರನ್ನೂ ಡಿ ಡ್ರೈವನ್ನೂ ಎರಡು ಬೇರೆ ಬೇರೆ ಡಿಸ್ಕುಗಳಿಗೆ ನಕಲು ಮಾಡಿ, ಒಂದನ್ನು ಅಂಗಡಿಯಲ್ಲಿ, ಇನ್ನೊಂದನ್ನು ಮನೆಯಲ್ಲಿ ಇಡಿ.